ಮುಯ್ಯಾಳಾಗಿ ಬಂದವನು

ನಾಲ್ಕು ವರ್ಷದ ಪ್ರೀತಿಯನ್ನು ಅವನು ತಿಪಟೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಮುಗಿಸಿದ. ಮೊದಲು ಇಡ್ಲಿ ಮುಗಿಸಿದ, ಆಮೇಲೆ ವಡೆ, ಆಮೇಲೆ ನನ್ನನ್ನು. ಕೈ ತೊಳೆದುಕೊಂಡು ಬಂದು ಕೂತು, ನಮ್ಮಿಬ್ಬರ ಸ್ವಭಾವ ಹೊಂದುವುದಿಲ್ಲ, ನಿನ್ನ ಕೋಪ ನನ್ನ ಕೈಲಿ ತಡೆಯೋಕಾಗಲ್ಲ ಅಂದ. ಅವನು ಅಲ್ಲಿನ ಒಂದು ಕಾಲೇಜಿನಲ್ಲಿ ಲೆಕ್ಚರರ್. ಪಾಠ ಮಾಡುವ ಹಾಗೇ ಹೇಳಿದ, ಪಾಯಿಂಟ್ ಪಾಯಿಂಟಾಗಿ. ನಾನು ಕೈಯಲ್ಲಿದ್ದ ಲೋಟದ ನೀರನ್ನು ಅವನ ಮುಖಕ್ಕೆ ಎರಚಲಿಲ್ಲ. ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ, ಅಷ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಿದಿರಾ, ಇದನ್ನೇ ಹೇಳಿದ್ದು ಅನ್ನುವಂತೆ ಅವನು ಅವರ ಕಡೆ ನೋಡಿದ.

ನಮ್ಮ ಮನೆ ದಬ್ಬೇಘಟ್ಟದ ಹತ್ತಿರದ ಹಳ್ಳಿಯಲ್ಲಿ. ನಾನು ತುರುವೇಕೆರೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ಮಿಸ್ಸು, ದಿನಾ ಬಸ್ಸಿನಲ್ಲಿ ಓಡಾಟ. ಸುದ್ದಿ ತಿಳಿದ ಮೇಲೆ ಅಮ್ಮ ನನ್ನನ್ನು ಜ್ವರ ಬಿಟ್ಟವಳ ಹಾಗೆ ನೋಡಿಕೊಳ್ಳತೊಡಗಿದಳು. ಮುದ್ದೆ ಮೆತ್ತಗೆ ಮಾಡುವಳು, ಮಾತು ಅದಕ್ಕಿಂತ ಮೆತ್ತಗೆ. ಟಿ.ವಿ.ಯಲ್ಲಿ ಯಾರಾದರೂ ಯಾರನ್ನಾದರೂ ಬಿಟ್ಟು ಹೋದರೆ ತಕ್ಷಣ ಚಾನೆಲ್ ಬದಲಾಯಿಸುವಳು. ಧಾರಾವಾಹಿಯಲ್ಲಿ ಬಿಟ್ಟು ಹೋಗುವುದನ್ನು ಬಿಟ್ಟರೆ ಬೇರೇನೂ ನಡೆಯುವುದಿಲ್ಲವಾದ್ದರಿಂದ ಇಬ್ಬರೂ ಹವಾಮಾನ ನೋಡಿಕೊಂಡು ಕೂರುತ್ತಿದ್ದೆವು. ನಾನು ಬಿದ್ದು ಹೊರಳಾಡಿ ಅತ್ತಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಬಚ್ಚಲಲ್ಲಿ ಒಂದೆರಡು ಸಲ ಅತ್ತಿದ್ದು ನಿಜ. ಉಳಿದಂತೆ ನನಗಿದ್ದದ್ದು ದುಃಖವಲ್ಲ, ಸಿಟ್ಟು. ನಾಲ್ಕು ವರ್ಷ ತಡೆದ ಕೋಪ ಇವನಿಗೆ ವಡೆ ತಿಂದ ಮೇಲೆ ತಡೆಯಲಾಗಲಿಲ್ಲವಂತೆ!

ಮೂರು ವಾರ ಕಳೆದಿರಬೇಕು, ಅಪ್ಪ ಅಟ್ಟದ ಕಾಯಿ ಇಳಿಸಿದರು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವುದು. ಉಂಡೆ ಒಡೆದು ಹೋಳಾದರೆ ಅದನ್ನು ಮಾರುಕಟ್ಟೆಯಲ್ಲಿ ಕೇಳುವವರು ಕಡಿಮೆ. ಈ ಕೆಲಸಕ್ಕೆ ಕೂಲಿಯವರು ಸಿಗುವುದು ಕಷ್ಟ. ಅದಕ್ಕೆ ನಮ್ಮೂರಲ್ಲಿ ಇನ್ನೂ ಮುಯ್ಯಿ ಉಳಿದುಕೊಂಡಿದೆ. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮಲ್ಲಿಗೆ ಬಂದು ದುಡಿದರೆ, ನಿಮ್ಮ ಕೆಲಸದ ದಿನ ನಮ್ಮ ಮನೆಯಿಂದ ಒಬ್ಬರು ನಿಮ್ಮಲ್ಲಿಗೆ. ಹಾಗೆ ಬಂದವರು ಮುಯ್ಯಾಳು.

ಕೆರೆ ಆಚೆಯ ಮನೆಯಿಂದ ಪ್ರತಿ ಸಲ ಒಬ್ಬ ಅಜ್ಜಿಯಂಥವರು ಬರುತ್ತಿದ್ದರು. ಆ ಸಲ ಅವರು ಬಚ್ಚಲಲ್ಲಿ ಜಾರಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರಿಂದ ಮಗ ಬಂದ. ತುರುವೇಕೆರೆಯಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರು ಬಿಚ್ಚಿ ಕಾಯಿಲ್ ಸುತ್ತುವ ಅಂಗಡಿ ಇಟ್ಟುಕೊಂಡವನು. ಪ್ರೈಮರಿಯಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದ. ಆಮೇಲೆ ಎದುರಿಗೆ ಸಿಕ್ಕರೆ ಒಂದು ನಗು, ಅಷ್ಟೇ ಪರಿಚಯ. ಗಂಡಸರು ಅಂಗಳದಲ್ಲಿ ಕಬ್ಬಿಣದ ಗೂಟಕ್ಕೆ ಕುಕ್ಕಿ ಸಿಪ್ಪೆ ಸುಲಿಯುವುದು, ಹೆಂಗಸರು ಜಗುಲಿಯಲ್ಲಿ ಸಾಲಾಗಿ ಕೂತು ಚಿಪ್ಪು ಒಡೆಯುವುದು ವಾಡಿಕೆ. ಅವನು ಅಂಗಳದ ಕಡೆ ತಿರುಗಿಯೂ ನೋಡದೆ ಜಗುಲಿ ಹತ್ತಿದ. ಬಂದಿರೋದು ಅವ್ವನ ಮುಯ್ಯಿಗೆ, ಅವ್ವ ಕೂರೋ ಜಾಗದಲ್ಲೇ ಕೂರೋದು ನ್ಯಾಯ ಅಂತ ಎಲ್ಲರಿಗೂ ಹೇಳಿ, ಹೆಂಗಸರ ಸಾಲಿನಲ್ಲಿ ಖಾಲಿ ಇದ್ದ ಮಣೆಯ ಮೇಲೆ ಕೂತ. ಖಾಲಿ ಇದ್ದದ್ದು ನನ್ನ ಪಕ್ಕದ ಮಣೆ. ಅಂಗಳದಲ್ಲಿದ್ದವರು ಸಾಕಷ್ಟು ಗೇಲಿ ಮಾಡಿದರು. ಅವನು ಸೆರಗು ಹೊದೆಯುವ ಹಾಗೆ ಟವಲನ್ನು ತಲೆ ಮೇಲೆ ಎಳೆದುಕೊಂಡ.

ನಾನು ಆವತ್ತು ಒಡೆಯುತ್ತಿದ್ದದ್ದು ಚಿಪ್ಪನ್ನಲ್ಲ. ಮಚ್ಚಿನ ಹಿಂಬದಿಯಿಂದ ಸುತ್ತ ಹದವಾಗಿ ತಟ್ಟಿ ತಿರುಗಿಸಬೇಕು. ನಾನು ಹೋಟೆಲನ್ನು ನೆನೆಸಿಕೊಂಡು ಬಾರಿಸುತ್ತಿದ್ದೆ. ಬಾರಿಸಿದ ಪ್ರತಿಯೊಂದೂ ಹೋಳು. ತಲೆ ಎತ್ತದೆ ಒಡೆಯುತ್ತಲೇ ಇದ್ದೆ. ಸುಮಾರು ಹೊತ್ತಾದ ಮೇಲೆ ನೋಡುತ್ತೇನೆ, ನನ್ನ ಮುಂದೆ ಒಂದೂ ಹೋಳಿಲ್ಲ. ನಾನು ಒಡೆದವೆಲ್ಲ ಅವನ ಮುಂದೆ ಗುಡ್ಡೆ ಬಿದ್ದಿವೆ. ಅಷ್ಟರಲ್ಲಿ ಅಪ್ಪ ಬಂದು ಆ ಗುಡ್ಡೆ ನೋಡಿ, ಮೋಟ್ರು ಸುತ್ತೋ ಕೈಗೆ ಕೊಬ್ಬರಿ ಕೊಟ್ಟರೆ ಇನ್ನೇನಾಗುತ್ತೆ ಅಂತ ಗೊಣಗಿದರು. ಅವನು ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿದ. ಅಪ್ಪ ಅತ್ತ ಹೋದದ್ದೇ, ನನ್ನ ಕಡೆ ಬಾಗಿ ಕೇಳಿದ.

"ಅಲ್ಲ ಕಣ್ರೀ ಮಿಸ್ಸು, ಆ ಚಿಪ್ಪು ಪಾಪ ನಿಮ್ಗೇನು ಮಾಡೈತೆ?"

ಮೊದಲು ಸಿಟ್ಟು ಬಂತು. ಬಾಯಿ ತೆರೆದೆ. ಬಂದದ್ದು ನಗು. ಅದೂ ಸಣ್ಣ ನಗುವಲ್ಲ, ತಡೆಯಲಾಗದೆ ಮಚ್ಚು ಕೆಳಗಿಟ್ಟು ನಕ್ಕೆ. ನಡುಮನೆ ಬಾಗಿಲಿಗೆ ಬಂದ ಅಮ್ಮ ಕಾಫಿ ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಒಡೆದ ಹೋಳನ್ನು ಬೆಲ್ಲದ ಜೊತೆ ಮುಯ್ಯಾಳುಗಳಿಗೆ ಹಂಚುವುದು ರೂಢಿ. ಆ ದಿನ ಹೋಳುಗಳಿಗೆ ಬರವಿರಲಿಲ್ಲ. ಎಲ್ಲರೂ ಹೊಟ್ಟೆ ತುಂಬ ತಿಂದು ಅವನನ್ನು ಹೊಗಳಿದರು.

ಮುಚ್ಚಿಟ್ಟು ಏನು ಪ್ರಯೋಜನ, ಸಂಜೆ ಹೊತ್ತಿಗೆ ಅವನು ನನಗೆ ಇಷ್ಟವಾಗಿದ್ದ. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಅನ್ನಿಸಿತು. ಒಬ್ಬ ಬಿಟ್ಟು ತಿಂಗಳಾಗಿಲ್ಲ, ಆಗಲೇ ಇನ್ನೊಬ್ಬನ ಮಣೆ ಕಡೆ ಕಣ್ಣೇ ಅಂತ ನನಗೆ ನಾನೇ ಛೀಮಾರಿ ಹಾಕಿಕೊಂಡೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅಂತಾರಲ್ಲ, ತಲೆ ಒಂದು ಕಡೆ, ಮನಸ್ಸು ಒಂದು ಕಡೆ. ಆದರೆ ಸೋಮವಾರ ಸ್ಕೂಲಿಗೆ ಹೊರಟವಳು ಅಲಮಾರಿಯ ತಳದಿಂದ ಹಳದಿ ಸೀರೆ ಹುಡುಕಿ ಉಟ್ಟೆ. ಕೋಣನೇ ಗೆದ್ದಿತ್ತು.

ಅವರ ಮನೆಯ ಕಾಯಿ ಇಳಿಸುವ ದಿನ ಭಾನುವಾರ ಬಂತು. ಲೆಕ್ಕದ ಪ್ರಕಾರ ಮುಯ್ಯಿ ತೀರಿಸಲು ಅಮ್ಮ ಹೋಗಬೇಕು. ನಾನು ಹೋಗ್ತೀನಿ ಅಂದೆ. ನಿನಗೆ ಉಂಡೆ ತೆಗೆಯೋಕೆ ಬರಲ್ವಲ್ಲೇ ಅಂದಳು ಅಮ್ಮ. ಅವಳಿಗೆ ಹೋಳಿನ ಗುಟ್ಟು ಮೊದಲೇ ಗೊತ್ತಿತ್ತು ಅಂತ ಆಗ ತಿಳಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಒಲೆಗೆ ಹೇಳಿದಳು. ತಡೆಯಲಿಲ್ಲ.

ಆ ದಿನ ನಾನು ಒಂದು ಉಂಡೆಯನ್ನೂ ಒಡೆಯಲಿಲ್ಲ. ಅವನ ಅವ್ವ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೇ ಕೂತು ನೋಡುತ್ತಿದ್ದರು. ಸುತ್ತಿ ಬಳಸಿ ಕೇಳುವ ಜೀವವಲ್ಲ ಅದು. ಆ ಲೆಕ್ಚರರು ನಿನ್ನ ಬಿಟ್ಟುಹೋದನಂತೆ ಹೌದಾ ಅಂತ ಎಲ್ಲರೆದುರಿಗೇ ಕೇಳಿದರು. ಹೌದು ಅಂದೆ.

"ಒಳ್ಳೇದಾಯ್ತು ಬುಡು ಮಗ. ಲಗ್ನ ಆದ್ಮೇಲೆ ಬುಟ್ಟೋಗೋ ಬದ್ಲು ಮುಂಚೇನೇ ಹೋದ," ಅಂದರು.

ಇಷ್ಟು ಸಮಾಧಾನದ ಮಾತನ್ನು ಆವರೆಗೆ ಯಾರೂ ನನಗೆ ಹೇಳಿರಲಿಲ್ಲ. ಸಂಜೆ ಹೊರಡುವಾಗ ಎಲೆ ಅಡಿಕೆ ಕೊಟ್ಟು, ಮುಯ್ಯಿ ತೀರಿತು ಕಣವ್ವ ಅಂದರು. ತೀರಿದ ಮೇಲೆ ಈ ಅಂಗಳಕ್ಕೆ ಬರಲು ನೆಪ ಎಲ್ಲಿ?

ನೆಪ ಅವನೇ ಹುಡುಕಿದ. ತುರುವೇಕೆರೆಯಲ್ಲಿ ನಾನು ಬಸ್ಸಿಗೆ ನಿಲ್ಲುವ ಜಾಗದಿಂದ ಅವನ ಅಂಗಡಿ ನಾಲ್ಕು ಹೆಜ್ಜೆ. ಸ್ಕೂಲು ಬಿಡುವ ಹೊತ್ತಿಗೆ ಅವನಿಗೆ ಟೀ ಕುಡಿಯುವ ಆಸೆಯಾಗತೊಡಗಿತು. ಒಂದು ಟೀ, ಎರಡು ಟೀ, ನನ್ನ ಬಸ್ಸು ಬರುವ ತನಕ ಟೀ. ಸುಟ್ಟ ಮೋಟಾರನ್ನು ಮೂಸಿ ನೋಡಿ ಯಾರು ಎಷ್ಟು ಸುಳ್ಳು ಹೇಳುತ್ತಿದ್ದಾರೆ ಅಂತ ಹೇಳಬಲ್ಲೆ ಅನ್ನುತ್ತಿದ್ದ. ನಾನು ಪರೀಕ್ಷೆ ಪೇಪರಿನ ತಮಾಷೆಗಳನ್ನು ಹೇಳುತ್ತಿದ್ದೆ. 'ಕಣ್ರೀ' ಹೋಗಿ 'ಕಣೇ' ಬಂದದ್ದು ಯಾವ ದಿನವೋ ಇಬ್ಬರಿಗೂ ಗೊತ್ತಾಗಲಿಲ್ಲ. ಬಸ್ಸು ತಡವಾದರೆ ಊರಿನವರೆಲ್ಲ ಬೈಯುತ್ತಿದ್ದರು, ನಾನೊಬ್ಬಳು ಡ್ರೈವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ.

ಹೀಗೇ ಒಂದು ಸಂಜೆ ಬಸ್ಸು ಬರಲೇ ಇಲ್ಲ. ಅವನ ಬೈಕಿನಲ್ಲಿ ಹೊರಟೆವು. ನಮ್ಮೂರ ಕೆರೆ ಏರಿಯ ಮೇಲೆ ಬೈಕು ನಿಲ್ಲಿಸಲು ಹೇಳಿ, ನೀನಂದ್ರೆ ನಂಗಿಷ್ಟ, ಮನೆಯಲ್ಲಿ ಮಾತಾಡೋಣ ಅಂದುಬಿಟ್ಟೆ. ಗಣಿತದವಳಿಗೆ ಪೀಠಿಕೆ ಬರುವುದಿಲ್ಲ. ಅವನು ಬೈಕಿಗೆ ಸ್ಟ್ಯಾಂಡ್ ಹಾಕಿ ಕೆರೆ ಕಡೆ ಮುಖ ಮಾಡಿದ. ನನಗೂ ಇಷ್ಟವೇ ಅಂದ.

"ಆದ್ರೆ ನಿನ್ನ ಕೋಪ ಇನ್ನೂ ಆರಿಲ್ಲ ಕಣೇ. ದಿನಾ ಒಂದ್ಸಲನಾದ್ರೂ ಆ ಲೆಕ್ಚರರ ಮಾತು ಬತ್ತೈತೆ. ಅವನ ಮೇಲಿನ ಸಿಟ್ಟಿಗೆ ನೀನು ನನ್ನ ಹಿಡ್ಕಂಡಿದ್ರೆ? ಅಟ್ಟದ ಕಾಯಿಗೇ ವರ್ಷ ಬುಡ್ತೀವಿ. ನಾವೂ ಒಂದು ವರ್ಷ ಇರಾನ."

ಕೋಪ ನೆತ್ತಿಗೇರಿತು. "ಎಳನೀರು ಕುಡಿಯಕ್ಕೆ ಯಾರಾದ್ರೂ ವರ್ಷ ಕಾಯ್ತಾರೇನೋ?" ಅಂದೆ.

"ಎಳನೀರು ಕುಡಿದ್ಮೇಲೆ ಬುರುಡೆ ಎಸೀತಾರೆ ಕಣೇ," ಅಂದ.

ವಾದದಲ್ಲಿ ನಾನು ಸೋತದ್ದು ಕಡಿಮೆ. ಆವತ್ತು ಸೋತೆ. ಅವನಿಗೆ ಹೆದರಿಕೆ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಟವಲು ಸೆರಗು ಮಾಡಿಕೊಂಡು ಎಲ್ಲರನ್ನೂ ನಗಿಸುವವನು, ಎಸೆದುಬಿಟ್ಟಾಳು ಅಂತ ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಅವನದು ತಪ್ಪು ಲೆಕ್ಕ ಅಂತ ಎದೆ ತಟ್ಟಿ ಹೇಳಲು ನನ್ನ ಕೈಲೂ ಆಗಲಿಲ್ಲ. ದಿನಾ ಆ ಲೆಕ್ಚರರ ಮಾತು ಬರುತ್ತಿದ್ದದ್ದು ಸುಳ್ಳಲ್ಲವಲ್ಲ.

ಮಾರನೆಯ ವಾರ ಲೆಕ್ಚರರ್ ಫೋನ್ ಮಾಡಿದ. ಒಂದು ಸಲ ಸಿಗು, ಮಾತಾಡಬೇಕು ಅಂದ. ದನಿಯಲ್ಲಿ ಪಾಯಿಂಟುಗಳಿರಲಿಲ್ಲ. ನಾನು ಫೋನಿಟ್ಟು ಸೀದಾ ಅಂಗಡಿಗೆ ಹೋಗಿ ಇವನಿಗೆ ಹೇಳಿದೆ. ಇವನ ಮುಖ ಸಣ್ಣಗಾಯಿತು. ಹೋಗಿ ಬಾ, ಹೋಗದೆ ಇದ್ದರೆ ಜೀವಮಾನವೆಲ್ಲ ಅದೇ ಮಾತಾಗುತ್ತೆ ಅಂದ. ಅಂದವನು ಕಾಯಿಲ್ ಕಡೆ ತಿರುಗಿಕೊಂಡ. ಸುತ್ತಿದ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿ ತಿಪಟೂರಿನ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ಭಯವಾಗಿತ್ತು. ಅವನ ಮುಖ ಕಂಡ ಕೂಡಲೇ ಆ ಹಳೆಯ ಸಿಟ್ಟು ಭುಗಿಲೆದ್ದರೆ ಕೆರೆ ಏರಿಯ ಮೇಲೆ ಇವನು ಹೇಳಿದ್ದೇ ಸರಿ. ನಾನು ಇವನನ್ನು ಕಳೆದುಕೊಂಡ ಹಾಗೇ. ಆದರೂ ದಾರಿಯುದ್ದಕ್ಕೂ ಬೈಗುಳ ಜೋಡಿಸಿದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಅದೇ ಹೋಟೆಲು. ಅವನು ಸೊರಗಿದ್ದ. ಮಾತು ಶುರು ಮಾಡಿದ. ಕಿಟಕಿಯಾಚೆ ಕಂಡಕ್ಟರ್ ಒಬ್ಬ ತುರುವೇಕೆರೆ, ತುರುವೇಕೆರೆ ಅಂತ ಕೂಗುತ್ತಿದ್ದ. ಶನಿವಾರ ಇವನು ಅಂಗಡಿ ಬೇಗ ಮುಚ್ಚುತ್ತಾನೆ ಅನ್ನುವುದು ನೆನಪಾಯಿತು. ಈ ಬಸ್ಸು ಹೋದರೆ ಮುಂದಿನದು ಯಾವಾಗಲೋ. ಮಧ್ಯಾಹ್ನ ಊಟ ಮಾಡಿದನೋ ಇಲ್ಲವೋ. ಡ್ರೈವರ್ ಬಂದು ಸೀಟಿನ ಮೇಲೆ ಕೂತದ್ದು ಕಂಡಿತು. ನಾನು ಎದ್ದು ನಿಂತು, ನಂಗೆ ಬಸ್ಸಿದೆ, ನಿಂಗೆ ಒಳ್ಳೇದಾಗ್ಲಿ ಅಂದೆ. ಅದು ಮನಸಾರೆ ಬಂದ ಮಾತು. ಅವನು ಬಾಯಿ ತೆರೆದುಕೊಂಡೇ ಇದ್ದ. ಹೊರಟ ಬಸ್ಸಿನ ಬಾಗಿಲು ತಟ್ಟಿ ನಿಲ್ಲಿಸಿ ಹತ್ತಿದೆ. ಊರು ದಾಟಿದ ಮೇಲೆ, ಜೋಡಿಸಿಟ್ಟ ಬೈಗುಳಗಳಲ್ಲಿ ಒಂದನ್ನೂ ಬಳಸಲಿಲ್ಲ ಅಂತ ನೆನಪಾಯಿತು.

ಅಂಗಡಿ ತೆರೆದೇ ಇತ್ತು. ಇವನು ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದ. ನನ್ನನ್ನು ಕಂಡದ್ದೇ ಸ್ಪ್ಯಾನರ್ ಕೈಗೆತ್ತಿಕೊಂಡು ಕೆಲಸವಿರುವವನ ಹಾಗೆ ಮಾಡಿದ. ಓಡಿ ಬಂದದ್ದಕ್ಕೆ ನನಗೆ ಏದುಸಿರು.

"ಏನಂದ?" ಅಂತ ಸ್ಪ್ಯಾನರನ್ನು ಕೇಳಿದ.

ಹೇಳಲು ಹೋದೆ. ಮೊದಲ ಎರಡು ಮಾತು ಬಿಟ್ಟರೆ ಏನೂ ನೆನಪಿಗೆ ಬರಲಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ.

"ಏನೋ ಅಂದ. ವಾಪಸ್ ಬಾ ಅಂತಿರ್ಬೇಕು."

"ಇರ್ಬೇಕು ಅಂದ್ರೆ?"

"ಕೇಳಿಸ್ಕಳ್ಲಿಲ್ಲ ಕಣೋ. ಬಸ್ಸು ಹೊರಟೋಗುತ್ತೆ, ನೀನು ಅಂಗಡಿ ಮುಚ್ಕಂಡು ಹೋಗ್ತೀಯ ಅಂತ ಜೀವ ಹೊಡ್ಕತಿತ್ತು."

ಅವನು ತಲೆ ಎತ್ತಿ ನನ್ನನ್ನೇ ನೋಡಿದ. ಸುಟ್ಟ ಮೋಟಾರಿನ ಮುಂದೆ ಕೂತಾಗ ನೋಡುವ ಹಾಗೆ, ಇದರಲ್ಲಿ ಸುಳ್ಳೆಷ್ಟು ಅಂತ. ನಿಜವಾಗಲೂ ಗೊತ್ತಿಲ್ಲವಾ ಅಂತ ಇನ್ನೊಂದು ಸಲ ಕೇಳಿದ. ನನಗೆ ರೇಗಿತು. ಅಷ್ಟು ಅನುಮಾನವಿದ್ದರೆ ಇರು, ಅವನಿಗೇ ಫೋನ್ ಮಾಡಿ ಕೇಳಿ ಹೇಳ್ತೀನಿ ಅಂತ ಬ್ಯಾಗಿನಿಂದ ಫೋನ್ ತೆಗೆದು ನಂಬರ್ ಹುಡುಕತೊಡಗಿದೆ.

ಅವನು ಸ್ಟೂಲಿನಿಂದ ಎದ್ದು ಬಂದು ಫೋನಿನ ಮೇಲೆ ಕೈಯಿಟ್ಟ. ಫೋನು ಹಿಡಿದಿದ್ದ ನನ್ನ ಕೈಯೂ ಅದರೊಳಗೇ ಸೇರಿತು. ಮೈಯೆಲ್ಲ ಗ್ರೀಸು, ಹಾಡುಹಗಲು, ಎದುರಿಗೆ ಟೀ ಅಂಗಡಿಯ ತುಂಬ ಜನ, ಅದರಲ್ಲಿ ನಮ್ಮ ಸ್ಕೂಲಿನ ಮಕ್ಕಳ ಅಪ್ಪಂದಿರು. ಅಷ್ಟು ದಿನ ಟೀ ಲೋಟ ಕೊಡುವಾಗಲೂ ಬೆರಳು ತಾಗದಂತೆ ಕೊಡುತ್ತಿದ್ದವನು.

"ಬೇಡ ಬುಡು," ಅಂದ. ಫೋನನ್ನು ಇಸಿದುಕೊಂಡು ಮೇಜಿನ ಮೇಲಿಟ್ಟ. ಕೈಯನ್ನು ಮಾತ್ರ ಬಿಡಲಿಲ್ಲ.