ಕುದುರೆ ಏರುವ ಹಕ್ಕು

೧೯೮೯ರಲ್ಲಿ, ಏಳನೆಯ ಇಯತ್ತೆ ಮುಗಿಸದೆ ನಾನು ಶಾಲೆ ಬಿಟ್ಟೆ; ಅಂದು ಹಿಡಿದ ಕುದುರೆಯ ಲಗಾಮನ್ನು ಇನ್ನೂ ಬಿಟ್ಟಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಮದುಮಕ್ಕಳನ್ನು ಹೊತ್ತು ಮೆರೆಸುವ ನನ್ನ ಬಿಳಿ ಕುದುರೆಗೆ ರಾಷ್ಟ್ರೀಯ ಹಬ್ಬಗಳಂದು ಬೇರೆಯೇ ಕೆಲಸ: ಶಾಲೆಯ ಮೆರವಣಿಗೆಯಲ್ಲಿ ವೇಷ ತೊಟ್ಟ ಮಕ್ಕಳು ಅದರ ಬೆನ್ನೇರಿ ರಾಜರಾಣಿಯರಾಗುತ್ತಾರೆ. ಗೆಳೆಯರೇ, ಇತಿಹಾಸವನ್ನು ನಾನು ಓದಿದ್ದು ಕಡಿಮೆ, ಹೊರಿಸಿದ್ದು ಬಹಳ.

ಈ ವರ್ಷ ಮೂಡಲಗಿ ಕಡೆಯ ಒಂದು ಶಾಲೆಗೆ ಹೋದಾಗ, ದೊಡ್ಡವರು ಹೆಸರಾಗುವುದು ಹುಟ್ಟಿನಿಂದಲ್ಲ, ಧೈರ್ಯದಿಂದ ಎಂದು ಪಾಠ ಕಲಿಸುವ ಅಕ್ಕೋರು ಮಕ್ಕಳಿಗೆ ಹೇಳುತ್ತಿದ್ದರು. ಕೇಳಿ ಮನಸ್ಸು ತುಂಬಿತು. ಮರುಗಳಿಗೆಯಲ್ಲೇ ರಾಣಿಯ ಕಿರೀಟ ತೊಟ್ಟು ಬಂದವಳು, ಶಾಲೆಗೆ ಫ್ಯಾನು ಕೊಟ್ಟು ಅದರ ರೆಕ್ಕೆಗಳ ಮೇಲೆ ಹೆಸರು ಬರೆಸಿಕೊಂಡ ಸಾವಕಾರರ ಮಗಳು. ರಾಣಿಯ ಭಾಷಣವನ್ನೆಲ್ಲ ಬಾಯಿಪಾಠ ಮಾಡಿದ್ದ ಕೂಲಿಯವಳ ಮಗಳು ರೇಣುಕಾಳಿಗೆ ರಟ್ಟಿನ ಈಟಿ ಕೊಟ್ಟು ಸಿಪಾಯಿ ಮಾಡಿದ್ದರು.

ಬಸ್ ನಿಲ್ದಾಣದ ಮುಂದೆ ಮೆರವಣಿಗೆ ನಿಂತಿತು. ಕುದುರೆ ತಲೆ ಕೊಡವಿದ್ದೇ ತಡ, ರಾಣಿ ಜೀನನ್ನು ಅವಚಿಕೊಂಡು, "ಕಾಕಾ, ನನ್ನ ಇಳಸ್ರಿ!" ಎಂದು ಅತ್ತಳು. ಅದು ಆ ಮಗುವಿನ ತಪ್ಪಲ್ಲ. ಆಗ ಕುದುರೆಯ ಕೊರಳ ಪಕ್ಕ ನೆಲದ ಮೇಲೆ ನಿಂತಿದ್ದ ರೇಣುಕಾ, ಒಂದು ಶಬ್ದವೂ ತಪ್ಪದಂತೆ ಭಾಷಣ ಗುಡುಗಿದಳು. ಚಹಾದಂಗಡಿಯವರು ಸೀಟಿ ಹೊಡೆದರು. ಫೋಟೋ ಹೊತ್ತಿಗೆ ಮಾತ್ರ ಅವಳನ್ನು ಆಚೆ ಸರಿಸಿದರು. ಬಹುಮಾನವೂ ಮೇಲೆ ಕುಳಿತವಳಿಗೇ.

"ಅಕ್ಕೋರ, ಮಾತಾಡಿದಾಕಿ ಈಕಿ, ಬಹುಮಾನ ಆಕೀಗ್ಯಾಕ್ರಿ?" ಎಂದೆ.

"ರಾಣಿ ಆಕಿನ ಅಲ್ರಿ ಕಾಕಾ. ನೀವು ಕುದುರಿ ಹಿಡ್ಕೊಂಡು ನಿಂದರ್ರಿ, ಸಾಕು."

"ಹಿಡ್ಕೊಂಡ ನಿಂತೇನ್ರಿ. ಅದಕ್ಕ ಯಾರು ಅತ್ರು, ಯಾರು ಗುಡುಗಿದ್ರು, ನನಗ ಚಲೋ ಕಾಣ್ತು."

ರೇಣುಕಾಳೇ ನನ್ನನ್ನು ಸಮಾಧಾನ ಮಾಡಿದಳು: "ಬಿಡ್ರಿ ಕಾಕಾ, ನಮ್ಮವ್ವ ಫ್ಯಾನ್ ಕೊಟ್ಟಿಲ್ಲಲ್ರಿ."

ಹತ್ತು ವರ್ಷದ ಕೂಸಿನ ಬಾಯಲ್ಲಿ ಆ ಮಾತು! ಪುಸ್ತಕದ ಪಾಠ ಮಕ್ಕಳಿಗೆ ಪರೀಕ್ಷೆಯವರೆಗೆ ನೆನಪಿದ್ದೀತು. ನಾವು ನಡೆದು ತೋರಿಸಿದ ಪಾಠ ಸಾಯುವವರೆಗೆ ಉಳಿಯುತ್ತದೆ. ಯಾರು ಏನು ಮಾಡಿದರೆಂದು ನೋಡದೆ, ಯಾರು ಎಲ್ಲಿ ಕುಳಿತರೆಂದು ನೋಡಿ ಹೆಸರು ಹಂಚುವವರು, ಮಕ್ಕಳಿಗೆ ಯಾವ ಬಾಯಿಯಿಂದ ಧೈರ್ಯದ ಕಥೆ ಹೇಳುತ್ತಾರೆ?

ಮೆರವಣಿಗೆ ಚದುರಿದ ಮೇಲೆ ರೇಣುಕಾಳನ್ನು ಜೀನಿನ ಮೇಲೆ ಕೂರಿಸಿ, ಹಾಡುಹಗಲು, ಪೇಟೆಯ ನಡುವೆ, ಅವರವ್ವನ ಬಾಗಿಲವರೆಗೆ ನಡೆಸಿದೆ. ಭಾಷಣ ಬಂದ ಮಗುವಿಗೇ ಇನ್ನು ಮುಂದೆ ನನ್ನ ಕುದುರೆ ಎಂದು ಎಲ್ಲ ಶಾಲೆಗಳಿಗೂ ಹೇಳಿ ಕಳಿಸಿದೆ.

ಈಗ ನನ್ನ ಹತ್ತಿರ ಇರುವುದು ಒಂದು ಕುದುರೆ, ಎರಡು ಜೀನು, ಕರೆಯುವ ಮೂರು ಶಾಲೆ. ಮೊದಲು ನಾಲ್ಕಿದ್ದವು.