ದೆವ್ವದ ಕಡೆಯವನು

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ಭಾವ ತೋಟದಿಂದ ಬೇಗ ಬಂದು, ಕಾಲು ಚಾಚಿ ಕೂತು ಚಾನೆಲ್ ಬದಲಿಸಬಹುದಿತ್ತು. ಸಿನಿಮಾದ ನಡುವೆ ವಧೂವರರ ಜಾಹೀರಾತು ಬಂದು ಅಕ್ಕ ನನ್ನತ್ತ ತಿರುಗಬಹುದಿತ್ತು. ನಾನು ಬಾಯಿ ತೆರೆದಾಗ ಮಾತಿನ ಬದಲು ತೇಗು ಬರಬಹುದಿತ್ತು. ಮಾತೇ ಬಂದರೆ ಅಕ್ಕ ಅಳಬಹುದಿತ್ತು, ಪೂಜಾರಿಯನ್ನು ಕರೆಸಿ ಬೇವಿನಸೊಪ್ಪು ಆಡಿಸಬಹುದಿತ್ತು, ಇನ್ನು ಈ ಕಡೆ ಬರಬೇಡ ಅನ್ನಬಹುದಿತ್ತು. ದಿಂಡಿಗಲ್‌ನಿಂದ ಮಾರ್ಕಯನ್‌ಕೋಟ್ಟೈಯ ಅಕ್ಕನ ಮನೆಗೆ ಹೋಗುವಷ್ಟು ಹೊತ್ತೂ ಇವನ್ನೇ ನೆನೆನೆನೆದು ಬೆವರಿದೆ. ಕೊನೆಯದಕ್ಕೆ ಮಾತ್ರ ನನ್ನಲ್ಲಿ ಉಪಾಯವಿರಲಿಲ್ಲ. ಹೇಳದೆ ಕೇಳದೆ ಹೋಗಿ ಉಣ್ಣಲು ನನಗಿರುವುದು ಅದೊಂದೇ ಮನೆ.

ದಿಂಡಿಗಲ್‌ನಲ್ಲಿ ನನ್ನದು ಬೀಗದ ಅಂಗಡಿ. ಬೀಗ ಮಾರುವವನಾದರೂ ನನ್ನ ಮನೆಯ ಬೀಗವನ್ನು ಎಳೆದೆಳೆದು ನೋಡದೆ ಹೊರಡಲಾರೆ. ಐವತ್ತು ದಾಟಿದೆ, ಮದುವೆಯಾಗಿಲ್ಲ. ಸಂಜೆ ಹಳೆಯ ದೆವ್ವದ ಸಿನಿಮಾಗಳನ್ನು ನೋಡುತ್ತೇನೆ, ಪಕ್ಕದ ಮನೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ. ದೆವ್ವ ಕಿರುಚುವಾಗ ಇನ್ನೂ ಸಣ್ಣಗೆ.

ಅವುಗಳಲ್ಲಿ ಒಂದನ್ನು ಚಿಕ್ಕಂದಿನಲ್ಲಿ ಬೋಡಿನಾಯಕನೂರಿನ ಟಾಕೀಸಿನಲ್ಲಿ ಅಕ್ಕನ ಜೊತೆ ನೋಡಿದ್ದೆ. ಏಲಕ್ಕಿ ಮಂಡಿಯಿಂದ ನೇರವಾಗಿ ಬಂದವರ ಬಟ್ಟೆಯಿಂದಾಗಿ ಟಾಕೀಸೆಲ್ಲ ಪಾಯಸದ ವಾಸನೆ. ದೆವ್ವ ಬಂದಾಗ ಅಕ್ಕ ನನ್ನ ಕಣ್ಣು ಮುಚ್ಚುತ್ತಿದ್ದಳು, ನಾನು ಅವಳ ಬೆರಳ ಸಂದಿಯಿಂದ ನೋಡುತ್ತಿದ್ದೆ. ಅದು ಗಂಡು ದೆವ್ವ. ಮದುಮಗಳ ಮೈಮೇಲೆ ಬಂದು ಒರಟಾಗಿ ನಗುತ್ತದೆ, ಬದುಕಿರುವ ತನ್ನ ಗೆಳೆಯನನ್ನು ನಾಚಿಕೆಯಿಲ್ಲದೆ ಕೂಗಿ ಕರೆಯುತ್ತದೆ. ಗೆಳೆಯ ಎಂದೇ ಸಿನಿಮಾ ಹೇಳುತ್ತದೆ. ಈಗ ನೋಡಿದರೆ ಆ ಪಾಪದ ಪದ ಎಷ್ಟೊಂದು ಭಾರ ಹೊತ್ತಿದೆ! ಕೊನೆಗೆ ದೆವ್ವವನ್ನು ಓಡಿಸಿ ಮನೆಯವರೆಲ್ಲ ನಗುತ್ತ ಫೋಟೊಕ್ಕೆ ನಿಲ್ಲುತ್ತಾರೆ. ಅದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಮದುವೆ ಫೋಟೊಗಳಲ್ಲಿ ಯಾವಾಗಲೂ ತುದಿಗೆ ನಿಲ್ಲುವ ನನಗೆ ಅದೇ ಚಿಂತೆ.

ಆ ಸಿನಿಮಾವನ್ನು ಅಕ್ಕನ ಜೊತೆ ಇನ್ನೊಮ್ಮೆ ನೋಡಿ, ಆ ನೆಪದಲ್ಲಿ ನನ್ನ ವಿಷಯ ಹೇಳಿಬಿಡಬೇಕೆಂದು ಹೋಗಿದ್ದೆ. ಮಧ್ಯಾಹ್ನ ಅವಳ ಟೀವಿಯಲ್ಲಿ ಹಾಕಿದೆ. ಮುಗಿಯಿತು.

"ಪಾವಂ ತಂಬಿ, ಆ ಹೆಣ್ಣು," ಎಂದಳು ಅಕ್ಕ, ತಮಿಳು ಬೆರೆತ ನಮ್ಮ ಮನೆಯ ಕನ್ನಡದಲ್ಲಿ.

"ನಂಗೆ ಪೇಯಿ ಪಾವಂ ಅಕ್ಕ, ಆ ದೆವ್ವ. ಆಗ್ಲೂ ಅಷ್ಟೇ."

"ಅದ್ಯಾಕ?"

"ಅದುಕ್ಕೂ ಗಂಡ್ಸು ಮೇಲೇ ಆಸೆ. ನಂಗೂ ಅಷ್ಟೇ ಅಕ್ಕ. ಮೊದ್ಲಿಂದ್ಲೂ."

ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಹೋಗಲಿಲ್ಲ. ಫ್ಯಾನು ಕಿರುಗುಡುತ್ತ ತಿರುಗುತ್ತಲೇ ಇತ್ತು.

"ಅದುಕ್ಕೇನಾ ಹೆಣ್ ನೋಡಕ್ ಹೋದಾಗೆಲ್ಲ ಹೊಟ್ಟೆನೋವು ಅಂತಿದ್ದೆ?"

"ಒಂದ್ ಸಲ ನಿಜವಾಗ್ಲೂ ನೋವಿತ್ತು."

"ಆ ಮನೆ ವಡೆ ತಿಂದ್ರೆ ಆರಿಗ್ ತಾನೇ ನೋಯಲ್ಲ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, "ಒಬ್ನೇ ಕೂತು ಇಂತಾ ಪಡ ನೋಡ್ಬೇಡ. ಮೊದ್ಲೇ ಪುಕ್ಲ ನೀನು. ಇಲ್ಲಿಗೇ ಬಂದು ನೋಡು," ಎಂದು ಅಡುಗೆಮನೆಗೆ ಹೋದಳು.

ಅಲ್ಲಿ ತುಂಬ ಹೊತ್ತು ಪಾತ್ರೆಗಳ ಸದ್ದು. ಕೋಳಿ ಕೊಳಂಬಿನ ಡಬ್ಬಿಯನ್ನು ಚೀಲದಲ್ಲಿಟ್ಟು, ನನ್ನ ಮುಖ ನೋಡದೆ ಕೈಗೆ ಕೊಟ್ಟಳು.

ಹೊತ್ತು ಮುಳುಗುವಾಗ ಮಾಂಸದಡುಗೆ ಒಯ್ಯುವವರ ಹಿಂದೆ ದೆವ್ವ ಬರುತ್ತದೆಂದು ನಮ್ಮವರು ಡಬ್ಬಿಯ ಮೇಲೆ ಇದ್ದಿಲಿನ ಚೂರು ಇಟ್ಟು ಕಳಿಸುತ್ತಾರೆ. ಇದ್ದಿಲು ಕಂಡರೆ ಅದು ಹತ್ತಿರ ಸುಳಿಯದಂತೆ. ಗ್ಯಾಸ್ ಒಲೆ ಬಂದ ಮೇಲೂ ಅಕ್ಕ ಇದಕ್ಕೆಂದೇ ಒಂದು ಡಬ್ಬದಲ್ಲಿ ಇದ್ದಿಲು ಕಾಪಾಡಿಕೊಂಡಿದ್ದಾಳೆ. ಯಾವತ್ತೂ ಮರೆತವಳಲ್ಲ.

ಬಸ್ಸಿನಲ್ಲಿ ಅಭ್ಯಾಸದಂತೆ ಚೀಲ ತಡಕಿದೆ. ಕೊಳಂಬು ಸೋರಿರಲಿಲ್ಲ. ಮುಚ್ಚಳ ಬಿಗಿಯಾಗಿತ್ತು. ಇದ್ದಿಲು ಮಾತ್ರ ಇರಲಿಲ್ಲ.

ಗಾಬರಿಯಲ್ಲಿ ಮರೆತಳೋ, ಬೇಕೆಂದೇ ಬಿಟ್ಟಳೋ ಎಂದು ವತ್ತಲಗುಂಡಿನ ತನಕ ಚಿಂತಿಸಿದೆ. ಆಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯತ್ತ ಸರಿದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟೆ.