ಅಮ್ಮ ಬರ್ತೀನಿ ಅಂದ ದಿನ

ಅಪ್ಪ ತೀರಿಕೊಂಡಾಗ ನಾನು ಹೊಳೆನರಸೀಪುರದಲ್ಲಿ ಒಂಬತ್ತನೇ ಕ್ಲಾಸು. ತೊಂಬತ್ತರ ದಶಕದ ನಡುವಿನ ಮಾತು. ಬೆಳಿಗ್ಗೆ ಅಂಚೆ ಕಚೇರಿಗೆ ಕೆಲಸಕ್ಕೆ ಹೋದವರು ಮಧ್ಯಾಹ್ನ ಎದೆನೋವು ಅಂದರಂತೆ, ಅಷ್ಟೇ. ಕರ್ಮವೆಲ್ಲ ಮುಗಿಸಿಕೊಂಡು ಸ್ಕೂಲಿಗೆ ಹೋದರೆ ಗೆಳತಿಯರು ನನ್ನ ಜೊತೆ ಮಾತೇ ಆಡಲಿಲ್ಲ. ಏನು ಮಾತಾಡಬೇಕೋ ಅವರಿಗೂ ತಿಳಿಯದು.

ಪಿ.ಟಿ. ಮೇಷ್ಟ್ರು ಮಾತ್ರ ಕರೆದರು. ಆ ವರ್ಷ ಅವರು ಸಾಫ್ಟ್‌ಬಾಲ್ ಅನ್ನೋ ಹೊಸ ಆಟ ತಂದಿದ್ದರು. ಒನಕೆಯ ಹಾಗೆ ದುಂಡಗಿನ ಬ್ಯಾಟು, ಕೈತುಂಬುವ ಚೆಂಡು, ಇಡೀ ತಂಡಕ್ಕೆ ನಾಲ್ಕೇ ಗ್ಲೌಸು.

"ಬಾ ಕಣವ್ವ, ಸುಮ್ನೆ ಕುಂತ್ರೆ ಇನ್ನೂ ಸಂಕ್ಟ ಆಯ್ತದೆ. ಒಡಿ ಇದನ್ನ," ಅಂದರು.

ಹೊಡೆದೆ. ಚೆಂಡು ಕಾಂಪೌಂಡು ದಾಟಿತು. ಓಡುತ್ತಲೇ ಅಳು ಬಂತು. ಅಪ್ಪ ಹೋದ ಮೇಲೆ ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಮನೆಯಲ್ಲಿ ಅಮ್ಮ ನಡುಮನೆ ಬಿಟ್ಟು ಆಚೆ ಬರುತ್ತಿರಲಿಲ್ಲ. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ವರ್ಷ ತುಂಬುವವರೆಗೆ ಹೊಸಿಲು ದಾಟಬಾರದು ಅಂತ ಅಪ್ಪನ ತಾಯಿ, ನಮ್ಮಜ್ಜಿ, ಹೇಳಿದ್ದರು. ಸಂಜೆ ನಾನು ಬಂದ ಕೂಡಲೇ ಮಾತ್ರ ಅಮ್ಮ ಆಟದ ವಿಷಯ ಕೇಳೋಳು. ಒಂದು ದಿನ ಲಟ್ಟಣಿಗೆ ಹಿಡಿದು, "ಹೀಗಾ ನಿಲ್ಲೋದು?" ಅಂತ ನಿಂತೇ ತೋರಿಸಿದಳು. ಆವತ್ತು ಇಬ್ಬರೂ ನಕ್ಕೆವು.

ಹಾಸನದಲ್ಲಿ ಜಿಲ್ಲಾ ಮಟ್ಟದ ಪಂದ್ಯ ಬಂತು. ಹೊರಡುವ ಬೆಳಿಗ್ಗೆ ನೋಡಿದರೆ ಅಮ್ಮ ಮಡಿಸಿಟ್ಟ ಸೀರೆ ತೆಗೆದು ಉಟ್ಟು ನಿಂತಿದ್ದಳು.

"ನಾನೂ ಬರ್ಲೇನೇ? ಅಜ್ಜಿ ಒಪ್ಪಿದಾರೆ. ಹಿಂದೆ ಎಲ್ಲಾದ್ರೂ ನಿಂತ್ಕೋತೀನಿ."

ಗೆಳತಿಯರ ಅಮ್ಮಂದಿರು ಹೂ ಮುಡಿದು ಬಂದಿರುತ್ತಾರೆ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

"ಬೇಡಮ್ಮ. ಎಲ್ರೂ ನಿನ್ನೇ ನೋಡ್ತಾರೆ," ಅಂದುಬಿಟ್ಟೆ.

ಅವಳು ಚಿತ್ರಾನ್ನದ ಡಬ್ಬಿ ಕೈಗಿಟ್ಟು ಒಳಗೆ ಹೋದಳು.

ಚನ್ನರಾಯಪಟ್ಟಣದವರ ಎದುರು ಸೋತೆವು. ನಾನು ಚೆನ್ನಾಗಿಯೇ ಆಡಿದ್ದೆ, ಮೇಷ್ಟ್ರು ಬೆನ್ನು ತಟ್ಟಿದರು. ಸಂಜೆ ಮನೆಗೆ ಬಂದರೆ ಅಮ್ಮ ಕಾಫಿ ಕೊಟ್ಟಳು. ಆಟದ ವಿಷಯ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ತಪ್ಪಾಯ್ತು ಅನ್ನೋಣ ಅಂದುಕೊಂಡೇ ವರ್ಷಗಳು ಕಳೆದವು. ಡಿಗ್ರಿ ಮುಗಿದಾಗ ಕಾಲೇಜಿನ ಸಮಾರಂಭಕ್ಕೆ ಕರೆದೆ, ಅರಕಲಗೂಡಿನಲ್ಲಿ ಟೀಚರಾಗಿ ಸೇರಿದ ಮೇಲೆ ಸ್ಕೂಲು ನೋಡು ಬಾ ಅಂದೆ. "ನೀನು ಹೋಗ್ಬಾರೇ, ನಂಗೆ ಕೆಲಸ ಇದೆ" ಅನ್ನೋಳು. ಕೊನೆಗೊಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಧೈರ್ಯ ಮಾಡಿ ಆ ಬೆಳಗಿನ ಮಾತು ತೆಗೆದೆ.

ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀನು ಹೇಳಿದ್ದು ಸರೀನೇ ಬಿಡು. ಬಂದಿದ್ರೆ ಎಲ್ರೂ ನೋಡ್ತಿದ್ರು," ಅಂದಳು.

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಅವಳು ನನ್ನ ಮಾತನ್ನು ಯಾವತ್ತೋ ಒಪ್ಪಿಕೊಂಡುಬಿಟ್ಟಿದ್ದಳು.